ಜೋಡಿ ಮದ್ದಿನ ಪರೀಕ್ಷೆ ಯಾರ ಹೊಣೆ?

ಔಷಧಗಳನ್ನು ಕೂಡಿಸಿ ಮಾರುವುದರಲ್ಲಿ ನಮ್ಮ ದೇಶ ಯಾರಿಗೂ ಹಿಂದೆ ಬಿದ್ದಿಲ್ಲ. 2016ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಂದೇ ಏಟಿಗೆ 344 ಸಂಯುಕ್ತ ಔಷಧಗಳನ್ನು ನಿಷೇಧಿಸಿತು. ಜನ ದಿನನಿತ್ಯ ಮೆಡಿಕಲ್ ಶಾಪಿನಲ್ಲಿ ಕೇಳಿ ಕೊಳ್ಳುತ್ತಿದ್ದ ಎಷ್ಟೋ ಕೆಮ್ಮಿನ ಸಿರಪ್ಪು, ನೆಗಡಿ ಮಾತ್ರೆ, ನೋವಿನ ಗುಳಿಗೆಗಳು ಆ ಪಟ್ಟಿಯಲ್ಲಿದ್ದವು. ಅವುಗಳನ್ನು ಪರಿಶೀಲಿಸಿದ ತಜ್ಞ ಸಮಿತಿಯ ಅಧ್ಯಕ್ಷರಾಗಿದ್ದವರು ಬೆಳಗಾವಿಯ ಕೆಎಲ್‌ಇ ವಿಶ್ವವಿದ್ಯಾಲಯದ ಅಂದಿನ ಕುಲಪತಿ ಚಂದ್ರಕಾಂತ ಕೊಕಾಟೆ. ಈ ಮದ್ದುಗಳನ್ನು ಹೀಗೆ ಬೆರೆಸುವುದಕ್ಕೆ ಚಿಕಿತ್ಸೆಯ ದೃಷ್ಟಿಯಿಂದ ಯಾವ ಸಮರ್ಥನೆಯೂ ಇಲ್ಲ ಎಂಬುದು ಸಮಿತಿಯ ತೀರ್ಮಾನ. ಕಂಪನಿಗಳು ಕೋರ್ಟಿಗೆ ಹೋದವು, ಆದೇಶ ರದ್ದಾಯಿತು, ಮತ್ತೆ ಪರಿಶೀಲನೆ ನಡೆದು 2018ರ ಸೆಪ್ಟೆಂಬರ್‌ನಲ್ಲಿ 328 ಔಷಧಗಳ ಮೇಲೆ ನಿಷೇಧ ಬಂತು. ಅಗತ್ಯವಿಲ್ಲದ ಕಡೆ ಮದ್ದುಗಳನ್ನು ಪರೀಕ್ಷೆಯಿಲ್ಲದೆ ಬೆರೆಸಿ ಮಾರುವ ಉತ್ಸಾಹ ಎಷ್ಟಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದರ ಇನ್ನೊಂದು ಮಗ್ಗುಲಿನ ಬಗ್ಗೆ ಮಾತ್ರ ಯಾರೂ ಮಾತನಾಡುವುದಿಲ್ಲ. ಎರಡು ಮದ್ದುಗಳನ್ನು ಕೂಡಿಸಿಯೇ ಕೊಡಬೇಕಾದ ರೋಗಗಳೂ ಇವೆ. ಅಲ್ಲಿ ಯಾವ ಜೋಡಿ ಒಳ್ಳೆಯದು, ಯಾವುದು ಅಪಾಯ, ಯಾವಾಗ ಶುರು ಮಾಡಬೇಕು ಎಂದು ಕೂತು ಪರೀಕ್ಷಿಸಲು ಯಾರೂ ಮುಂದೆ ಬರುವುದಿಲ್ಲ. ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಥಲಸ್ಸೇಮಿಯಾ ಇದಕ್ಕೆ ದೊಡ್ಡ ಉದಾಹರಣೆ. ಭಾರತದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಈ ರೋಗದ ತೀವ್ರ ರೂಪದೊಂದಿಗೆ ಹುಟ್ಟುತ್ತಾರೆಂಬ ಅಂದಾಜಿದೆ. ನನ್ನ ವಾದ ಇಷ್ಟು: ಜೋಡಿ ಮದ್ದನ್ನು ಜೋಡಿಯಾಗಿಯೇ ಪರೀಕ್ಷಿಸಬೇಕು, ಆ ಪರೀಕ್ಷೆ ರೋಗಿಗಳು ಹೆಚ್ಚಿರುವ ನಮ್ಮ ನೆಲದಲ್ಲೇ ನಡೆಯಬೇಕು, ಅದರ ಖರ್ಚನ್ನು ಸರ್ಕಾರ ಹೊರಬೇಕು, ಏಕೆಂದರೆ ಇನ್ನು ಯಾರೂ ಹೊರುವುದಿಲ್ಲ.

ರೋಗದ ಸ್ವರೂಪ ತಿಳಿದರೆ ಎರಡು ಮದ್ದುಗಳ ಪ್ರಶ್ನೆ ಏಕೆ ಬಂತೆಂಬುದು ತಿಳಿಯುತ್ತದೆ. ನಮ್ಮ 11ನೇ ವರ್ಣತಂತುವಿನಲ್ಲಿರುವ ಒಂದು ಜೀನ್ ಕೆಟ್ಟಿದ್ದರೆ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿ ಸರಿಯಾಗಿ ತಯಾರಾಗುವುದಿಲ್ಲ. ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿರುವವರು ಆರೋಗ್ಯವಾಗಿಯೇ ಇರುತ್ತಾರೆ, ಅವರು ವಾಹಕರು. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನೂರಕ್ಕೆ 25. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ಪದ್ಧತಿ ಇರುವ ನಮ್ಮ ಕಡೆ, ಮನೆತನದಲ್ಲಿ ಈ ಜೀನ್ ಇದ್ದುಬಿಟ್ಟರೆ ಇಬ್ಬರು ವಾಹಕರು ಜೊತೆಯಾಗುವ ಸಂಭವ ಇನ್ನೂ ಹೆಚ್ಚು. ಹುಟ್ಟಿದಾಗ ಚೆನ್ನಾಗಿಯೇ ಇದ್ದ ಮಗು ಆರು ತಿಂಗಳು, ವರ್ಷ ತುಂಬುವಷ್ಟರಲ್ಲಿ ಬಿಳಿಚಿಕೊಳ್ಳುತ್ತದೆ, ಹಾಲು ಬಿಡುತ್ತದೆ, ಗುಲ್ಮ ಊದಿ ಹೊಟ್ಟೆ ದೊಡ್ಡದಾಗುತ್ತದೆ. ಅಲ್ಲಿಂದ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು, ಜೀವನಪೂರ್ತಿ.

ಆ ರಕ್ತವೇ ಮುಂದೆ ವಿಷವಾಗುತ್ತದೆ. ಒಂದು ಬಾಟಲಿ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣವಿರುತ್ತದೆ. ನಮ್ಮ ದೇಹ ದಿನಕ್ಕೆ ಒಂದು ಮಿಲಿಗ್ರಾಂನಷ್ಟು ಕಬ್ಬಿಣವನ್ನು ಮಾತ್ರ ಕಳೆದುಕೊಳ್ಳುತ್ತದೆ. ಹೆಚ್ಚಾದುದನ್ನು ಹೊರಹಾಕುವ ದಾರಿ ಅದಕ್ಕಿಲ್ಲ. ವರ್ಷಕ್ಕೆ 25 ಬಾಟಲಿ ರಕ್ತ ಪಡೆಯುವವರ ಮೈಗೆ ಐದು ಗ್ರಾಂಗೂ ಹೆಚ್ಚು ಕಬ್ಬಿಣ ಸೇರುತ್ತದೆ. ಆರೋಗ್ಯವಂತ ವಯಸ್ಕರ ಇಡೀ ದೇಹದಲ್ಲಿರುವ ಕಬ್ಬಿಣವೇ ಮೂರರಿಂದ ನಾಲ್ಕು ಗ್ರಾಂ. ಅದು ಮೊದಲು ಲಿವರ್‌ನಲ್ಲಿ ತುಂಬಿಕೊಂಡು, ಆಮೇಲೆ ಪಿಟ್ಯುಟರಿ ಗ್ರಂಥಿ, ಮೇದೋಜೀರಕ ಗ್ರಂಥಿ, ಹೃದಯಗಳಿಗೆ ಇಳಿಯುತ್ತದೆ. ಹದಿನಾಲ್ಕು ದಾಟಿದರೂ ಹುಡುಗಿ ದೊಡ್ಡವಳಾಗುವುದಿಲ್ಲ, ಹುಡುಗನಿಗೆ ಮೀಸೆ ಮೂಡುವುದಿಲ್ಲ, ಎತ್ತರ ನಿಂತುಬಿಡುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ. ಕೊನೆಗೆ ಹೃದಯ ಸೋಲುತ್ತದೆ. ಥಲಸ್ಸೇಮಿಯಾ ರೋಗಿಗಳ ಸಾವಿಗೆ ದಶಕಗಳ ಕಾಲ ಮುಖ್ಯ ಕಾರಣವಾಗಿದ್ದುದು ರಕ್ತದ ಕೊರತೆಯಲ್ಲ, ಹೃದಯದಲ್ಲಿ ಕೂತ ಕಬ್ಬಿಣ.

ಆ ಕಬ್ಬಿಣವನ್ನು ಹಿಡಿದು ಹೊರತರುವ ಮೊದಲ ಒಳ್ಳೆಯ ಮದ್ದು 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಿಂದ ಬಂದ ಡೆಸ್ಫೆರಾಲ್. ಮಣ್ಣಿನ ಒಂದು ಸೂಕ್ಷ್ಮಜೀವಿ ತಯಾರಿಸುವ ವಸ್ತುವಿನಿಂದ ಪಡೆದದ್ದು. ಒಂದು ಅಣು ಡೆಸ್ಫೆರಾಲ್ ಒಂದು ಕಬ್ಬಿಣದ ಪರಮಾಣುವನ್ನು ಸುತ್ತುವರಿದು ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಅಣು ದೊಡ್ಡದು. ಬಾಯಿಂದ ಕೊಟ್ಟರೆ ಮೈಗೆ ಹತ್ತುವುದಿಲ್ಲ, ರಕ್ತಕ್ಕೆ ಕೊಟ್ಟರೆ ಬೇಗ ಹೊರಟುಹೋಗುತ್ತದೆ. ಹಾಗಾಗಿ ವಾರದಲ್ಲಿ ಐದರಿಂದ ಏಳು ರಾತ್ರಿ, ಹೊಟ್ಟೆಯ ಅಥವಾ ತೊಡೆಯ ಚರ್ಮದಡಿ ಸಣ್ಣ ಸೂಜಿ ಚುಚ್ಚಿ, ಪುಟ್ಟ ಪಂಪಿನಿಂದ ಎಂಟರಿಂದ ಹನ್ನೆರಡು ಗಂಟೆ ಹೊತ್ತು ನಿಧಾನವಾಗಿ ಹರಿಸಬೇಕು. ಮಗು ಪಂಪನ್ನು ಪಕ್ಕದಲ್ಲಿಟ್ಟುಕೊಂಡೇ ಮಲಗಬೇಕು. ಬೆಳಿಗ್ಗೆ ಸೂಜಿ ತೆಗೆದ ಜಾಗ ಗಂಟು ಕಟ್ಟಿ ಉರಿಯುತ್ತಿರುತ್ತದೆ. ರಾತ್ರಿ ಮತ್ತೊಂದು ಜಾಗ ಹುಡುಕಬೇಕು. ಚಿಕ್ಕಂದಿನಲ್ಲಿ ಅಮ್ಮನ ಮಾತಿಗೆ ಚುಚ್ಚಿಸಿಕೊಂಡ ಮಗು ಹದಿಮೂರು ಹದಿನಾಲ್ಕಕ್ಕೆ ಬಂದಾಗ ಬೇಡವೆನ್ನುತ್ತದೆ. ಯುರೋಪಿನಂಥ ಕಡೆ, ಮದ್ದು ಪುಕ್ಕಟೆಯಾಗಿ ಸಿಗುತ್ತಿದ್ದಲ್ಲೂ ಹೀಗೆ ತಪ್ಪಿಸಿದ ಹರೆಯದವರು ಇಪ್ಪತ್ತರ ಆಚೀಚೆ ತೀರಿಕೊಂಡರು. ಬಡ ದೇಶಗಳಲ್ಲಂತೂ ಬಹುಪಾಲು ಮಕ್ಕಳಿಗೆ ಅದು ಬೆಲೆಯ ಕಾರಣಕ್ಕೇ ಎಟುಕಲಿಲ್ಲ.

ಎರಡನೆಯ ಮದ್ದಿನ ಕತೆ ನಮಗೆ ನೇರವಾಗಿ ಸಂಬಂಧಿಸಿದ್ದು. 1980ರ ದಶಕದ ಆರಂಭದಲ್ಲಿ ಲಂಡನ್ನಿನ ರಸಾಯನವಿಜ್ಞಾನಿಗಳು ಬಾಯಿಂದ ನುಂಗಬಹುದಾದ ಡೆಫೆರಿಪ್ರೋನ್ ತಯಾರಿಸಿದರು. ಅದರ ಅಣು ಚಿಕ್ಕದು. ಮೂರು ಅಣುಗಳು ಸೇರಿ ಒಂದು ಕಬ್ಬಿಣವನ್ನು ಹಿಡಿಯುತ್ತವೆ. ನುಂಗಿದವರ ಮೂತ್ರ ಕೆಂಪುಗಂದಾಗುತ್ತದೆ. ಕಬ್ಬಿಣ ಹೊರಹೋಗುತ್ತಿರುವುದು ಕಣ್ಣಿಗೇ ಕಾಣುತ್ತದೆ. ಈ ಮದ್ದಿಗೆ ಜಗತ್ತಿನಲ್ಲಿ ಮೊದಲು ಅನುಮತಿ ಕೊಟ್ಟ ದೇಶ ಭಾರತ, 1990ರ ದಶಕದ ನಡುವಿನಲ್ಲಿ. ಮುಂಬಯಿಯ ವೈದ್ಯರು ರೋಗಿಗಳಲ್ಲಿ ಅದನ್ನು ಪ್ರಯೋಗಿಸಿ ನೋಡಿದ್ದರು. ಸಿಪ್ಲಾ ಕಂಪನಿ ಅದನ್ನು ತಯಾರಿಸಿ ಮಾರಿತು. ಯುರೋಪು 1999ರಲ್ಲಿ ಒಪ್ಪಿತು, ಅಮೆರಿಕ 2011ರಲ್ಲಿ. ಪಂಪು ಕೊಳ್ಳಲಾಗದ ನಮ್ಮ ಮಕ್ಕಳಿಗೆ ಆ ಮಾತ್ರೆಯೊಂದೇ ಗತಿಯಾಗಿದ್ದ ಕಾಲದಲ್ಲಿ ಕೆನಡಾದಲ್ಲಿ ಅದರ ಮೇಲೆ ದೊಡ್ಡ ವಿವಾದ ಎದ್ದಿತು. ಟೊರೊಂಟೊದ ವೈದ್ಯೆ ನ್ಯಾನ್ಸಿ ಒಲಿವಿಯೇರಿ ಮದ್ದಿನ ಪರಿಣಾಮ ಕುಗ್ಗುತ್ತಿದೆ ಎಂದು ರೋಗಿಗಳಿಗೆ ತಿಳಿಸಲು ಹೊರಟಾಗ, ಪ್ರಯೋಗಕ್ಕೆ ಹಣ ಕೊಡುತ್ತಿದ್ದ ಅಪೊಟೆಕ್ಸ್ ಕಂಪನಿ 1996ರಲ್ಲಿ ಪ್ರಯೋಗ ನಿಲ್ಲಿಸಿ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟಿತು. ಆಮೇಲೆ ಅವರು ಹೇಳಿದ ಲಿವರ್ ಹಾನಿಯ ಆತಂಕವನ್ನು ಮುಂದಿನ ಅಧ್ಯಯನಗಳು ಎತ್ತಿಹಿಡಿಯಲಿಲ್ಲ. ಆದರೆ ಮದ್ದು ಮಾರುವವರೇ ಮದ್ದಿನ ಪರೀಕ್ಷೆಯ ಯಜಮಾನರಾದರೆ ಏನಾಗುತ್ತದೆಂಬ ಪಾಠ ಮಾತ್ರ ಉಳಿಯಿತು.

ಒಂದು ಮದ್ದು ಬಲಶಾಲಿ, ಆದರೆ ಅದು ಜೀವಕೋಶದೊಳಕ್ಕೆ ಸುಲಭವಾಗಿ ಹೋಗದು. ಇನ್ನೊಂದು ಒಳಹೊಕ್ಕು ಬರುತ್ತದೆ, ಆದರೆ ಅದರ ಹಿಡಿತ ಸಡಿಲ. ಎರಡನ್ನೂ ಕೊಟ್ಟರೆ? ಸಂತೆಯ ಗೋದಾಮಿನ ಕಿರುಬಾಗಿಲಲ್ಲಿ ನುಗ್ಗಿ ಹಮಾಲಿ ಮೂಟೆಯನ್ನು ಹೊರಗೆ ತಂದು ಲಾರಿಗೆ ಹಾಕಿ ಮತ್ತೆ ಒಳಹೋಗುವ ಹಾಗೆ, ಡೆಫೆರಿಪ್ರೋನ್ ಜೀವಕೋಶದ ಒಳಗಿನ ಕಬ್ಬಿಣವನ್ನು ತಂದು ರಕ್ತದಲ್ಲಿರುವ ಡೆಸ್ಫೆರಾಲ್‌ಗೆ ಒಪ್ಪಿಸಿ ಹಿಂದಿರುಗಬಹುದಲ್ಲ! 1998ರಲ್ಲಿ ಲಂಡನ್ನಿನ ವೈದ್ಯರು ಬೆರಳೆಣಿಕೆಯ ರೋಗಿಗಳಿಗೆ ಎರಡನ್ನೂ ಕೊಟ್ಟು ಫಲ ಕಂಡದ್ದನ್ನು ಪ್ರಕಟಿಸಿದರು. ಸೈಪ್ರಸ್, ಗ್ರೀಸ್, ಇಟಲಿಗಳ ಆಸ್ಪತ್ರೆಗಳೂ ಕೈಬಿಟ್ಟುಹೋಗುತ್ತಿದ್ದ ರೋಗಿಗಳಿಗೆ ಜೋಡಿಯಾಗಿ ಕೊಡತೊಡಗಿದವು. ತರ್ಕ ಸೊಗಸಾಗಿತ್ತು, ವೈದ್ಯರ ಅನುಭವ ಆಶಾದಾಯಕವಾಗಿತ್ತು. ಇಷ್ಟಕ್ಕೇ ನಿಂತಿದ್ದರೆ ಈ ಜೋಡಿಯೂ ನಂಬಿಕೆಯ ಮಾತಾಗಿ ಉಳಿಯುತ್ತಿತ್ತು.

ಅದನ್ನು ನಂಬಿಕೆಯಿಂದ ಜ್ಞಾನಕ್ಕೆ ದಾಟಿಸಿದ್ದು ಒಂದು ಹೊಸ ಅಳತೆಗೋಲು. ಅಲ್ಲಿಯವರೆಗೆ ಮೈಯಲ್ಲಿ ಎಷ್ಟು ಕಬ್ಬಿಣವಿದೆ ಎಂದು ತಿಳಿಯಲು ರಕ್ತದಲ್ಲಿರುವ ಫೆರಿಟಿನ್ ಎಂಬ ಪ್ರೋಟೀನಿನ ಮಟ್ಟ ನೋಡುತ್ತಿದ್ದರು, ಲಿವರ್‌ನ ಚೂರು ತೆಗೆದು ಪರೀಕ್ಷಿಸುತ್ತಿದ್ದರು. 2001ರಲ್ಲಿ ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಯ ತಂಡ ಎಂಆರ್‌ಐ ಯಂತ್ರದಿಂದ ಹೃದಯದ ಕಬ್ಬಿಣವನ್ನೇ ನೇರವಾಗಿ ಅಳೆಯುವ ಟಿ2 ಸ್ಟಾರ್ ಎಂಬ ವಿಧಾನವನ್ನು ಪ್ರಕಟಿಸಿತು. ಮಿಲಿಸೆಕೆಂಡುಗಳಲ್ಲಿ ಬರುವ ಆ ಅಂಕಿ ಹೆಚ್ಚಿದಷ್ಟೂ ಒಳ್ಳೆಯದು. 20ಕ್ಕಿಂತ ಕಡಿಮೆಯಾದರೆ ಹೃದಯದಲ್ಲಿ ಕಬ್ಬಿಣ ಕೂತಿದೆ, 10ಕ್ಕಿಂತ ಕೆಳಗಿಳಿದರೆ ಹೃದಯ ಸೋಲುವ ದಿನ ಹತ್ತಿರವಿದೆ ಎಂದರ್ಥ. ಆ ತಂಡ ಕಂಡ ಇನ್ನೊಂದು ಸಂಗತಿ ಬೆಚ್ಚಿಬೀಳಿಸುವಂಥದ್ದು. ಫೆರಿಟಿನ್ನಿಗೂ ಹೃದಯದ ಕಬ್ಬಿಣಕ್ಕೂ ತಾಳೆಯೇ ಇರಲಿಲ್ಲ. ಲಿವರ್‌ನ ಕಬ್ಬಿಣಕ್ಕೂ ಹೃದಯದ್ದಕ್ಕೂ ತಾಳೆಯಿರಲಿಲ್ಲ. ವರ್ಷಗಟ್ಟಲೆ ವೈದ್ಯರು ಒಂದು ಅಂಕಿ ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಕೊಲ್ಲುವ ಕಬ್ಬಿಣ ಬೇರೆಲ್ಲೋ ಕೂತಿತ್ತು.

ಆ ಅಳತೆಗೋಲನ್ನು ಹಿಡಿದು ಅದೇ ತಂಡ ಇಟಲಿಯ ಸಾರ್ಡೀನಿಯಾ ದ್ವೀಪಕ್ಕೆ ಹೋಯಿತು. ಥಲಸ್ಸೇಮಿಯಾ ಹೆಚ್ಚಾಗಿರುವ ಆ ದ್ವೀಪಕ್ಕೆ ಸಾಗಿಸಬಲ್ಲ ಎಂಆರ್‌ಐ ಯಂತ್ರವನ್ನೇ ಒಯ್ದು 167 ರೋಗಿಗಳ ಹೃದಯ ಅಳೆಯಿತು. ಅವರಲ್ಲಿ ಹೃದಯದ ಕಬ್ಬಿಣ ಮಿತವಾಗಿದ್ದ 65 ಜನರನ್ನು ಆರಿಸಿ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿತು. ಎಲ್ಲರಿಗೂ ಡೆಸ್ಫೆರಾಲ್ ಮುಂದುವರಿಯಿತು. ಒಂದು ಗುಂಪಿಗೆ ಅದರ ಜೊತೆ ಡೆಫೆರಿಪ್ರೋನ್, ಇನ್ನೊಂದಕ್ಕೆ ಅದೇ ರೀತಿ ಕಾಣುವ ಹುಸಿ ಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಒಂದು ವರ್ಷ ಕಳೆದಾಗ ಜೋಡಿ ಮದ್ದಿನ ಗುಂಪಿನಲ್ಲಿ ಟಿ2 ಸ್ಟಾರ್ 11.7ರಿಂದ 17.7ಕ್ಕೆ ಏರಿತ್ತು, ಒಂಟಿ ಮದ್ದಿನ ಗುಂಪಿನಲ್ಲಿ 12.4ರಿಂದ 15.7ಕ್ಕೆ. ಹೃದಯ ರಕ್ತ ಒತ್ತುವ ಬಲವೂ ಜೋಡಿ ಗುಂಪಿನಲ್ಲಿ ಹೆಚ್ಚು ಸುಧಾರಿಸಿತ್ತು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನಲ್ಲಿ ಈ ಹೃದಯ ಪರೀಕ್ಷೆಯೂ ಅದನ್ನು ನೋಡಿಕೊಂಡು ಬಿಗಿಗೊಳಿಸಿದ ಚಿಕಿತ್ಸೆಯೂ ಬಂದ ಮೇಲೆ ಕಬ್ಬಿಣದಿಂದಾಗುವ ಸಾವುಗಳು ಅವುಗಳ ಉತ್ತುಂಗಕ್ಕೆ ಹೋಲಿಸಿದರೆ ಮೂರನೇ ಎರಡು ಭಾಗಕ್ಕೂ ಹೆಚ್ಚು ಇಳಿದವು. ಸೈಪ್ರಸ್‌ನಲ್ಲೂ ಜೋಡಿ ಮದ್ದು ಬಂದ ಮೇಲೆ ಹೃದಯದ ಸಾವುಗಳು ಕಡಿಮೆಯಾದವು.

ಈ ಪ್ರಯೋಗವನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಬರೀ 65 ಜನರಿಂದ ಒಂದು ದೊಡ್ಡ ಪ್ರಶ್ನೆ ಬಗೆಹರಿಯಿತು. ಅದು ಸಾಧ್ಯವಾದದ್ದು ಸರಿಯಾದದ್ದನ್ನು ಅಳೆದದ್ದರಿಂದ ಮತ್ತು ಸರಿಯಾದದ್ದರ ಜೊತೆ ಹೋಲಿಸಿದ್ದರಿಂದ. ಫೆರಿಟಿನ್ ಒಂದನ್ನೇ ನೋಡಿದ್ದರೆ ಸಾವಿರ ಜನರನ್ನು ಸೇರಿಸಿಕೊಂಡಿದ್ದರೂ ಹೃದಯ ಉಳಿಯಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಹೋಲಿಕೆಯ ಗುಂಪಿಲ್ಲದೆ ಎಲ್ಲರಿಗೂ ಜೋಡಿಯನ್ನೇ ಕೊಟ್ಟಿದ್ದರೆ, ಏರಿದ ಅಂಕಿಗೆ ಜೋಡಿಯೇ ಕಾರಣ ಎಂದುಕೊಳ್ಳುತ್ತಿದ್ದರು. ಆದರೆ ಹುಸಿ ಮಾತ್ರೆಯ ಗುಂಪಿನಲ್ಲೂ ಅಂಕಿ ಮೂರರಷ್ಟು ಏರಿದೆ! ಪ್ರಯೋಗದಲ್ಲಿರುವವರು ಪಂಪನ್ನು ತಪ್ಪಿಸದೆ ಹಾಕಿಕೊಂಡರೂ ಲಾಭವಾಗುತ್ತದೆ. ಜೋಡಿಯಿಂದ ಆದ ಹೆಚ್ಚುವರಿ ಲಾಭ ಎಷ್ಟೆಂದು ತಿಳಿಯುವುದು ಆ ಏರಿಕೆಯನ್ನು ಕಳೆದಾಗ ಮಾತ್ರ.

ಇನ್ನು ಯಾರು ಪರೀಕ್ಷಿಸುತ್ತಾರೆ ಎಂಬ ಪ್ರಶ್ನೆಗೆ ಬರೋಣ. 2005ರಲ್ಲಿ ಮೂರನೆಯ ಮದ್ದು ಡೆಫೆರಾಸಿರಾಕ್ಸ್ ಬಂತು. ದಿನಕ್ಕೊಮ್ಮೆ ಮಾತ್ರೆಯನ್ನು ಲೋಟದ ನೀರಿನಲ್ಲಿ ಕದಡಿ ಕುಡಿದರಾಯಿತು. ಅದರ ಒಡೆಯ ನೋವಾರ್ಟಿಸ್ ಕಂಪನಿ; ಸೀಬಾ ಅದರಲ್ಲಿ ವಿಲೀನವಾದ್ದರಿಂದ ಡೆಸ್ಫೆರಾಲ್ ಕೂಡ ಅದರದ್ದೇ. ಹೃದಯದಲ್ಲಿ ತೀವ್ರವಾಗಿ ಕಬ್ಬಿಣ ತುಂಬಿದವರಿಗೆ ಈ ಎರಡನ್ನೂ ಜೋಡಿಯಾಗಿ ಕೊಟ್ಟು ನೋಡುವ ಪ್ರಯೋಗವನ್ನು ನೋವಾರ್ಟಿಸ್ ನಡೆಸಿತು. 2015ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 60 ರೋಗಿಗಳಿದ್ದರು, ಹೋಲಿಕೆಯ ಗುಂಪಿರಲಿಲ್ಲ. ಆದರೆ ನಮ್ಮ ಮಕ್ಕಳಿಗೆ ಬೇಕಾದ ಜೋಡಿ ಬೇರೆ. ಸೂಜಿಯೇ ಬೇಡದ ಜೋಡಿ, ಡೆಫೆರಿಪ್ರೋನ್ ಮತ್ತು ಡೆಫೆರಾಸಿರಾಕ್ಸ್. ಅವೆರಡೂ ಬೇರೆ ಬೇರೆ ಕಂಪನಿಗಳ ಕೂಸುಗಳು. ಎದುರಾಳಿಯ ಸರಕಿಗೂ ಗಿರಾಕಿ ತಂದುಕೊಡುವ ಪ್ರಯೋಗಕ್ಕೆ ಯಾವ ಕಂಪನಿ ಹಣ ಹಾಕುತ್ತದೆ? ಪೇಟೆಂಟ್ ಮುಗಿದು ಹತ್ತಾರು ಕಂಪನಿಗಳು ತಯಾರಿಸತೊಡಗಿದ ಮೇಲಂತೂ ಪ್ರಯೋಗದ ಖರ್ಚನ್ನು ಯಾರೂ ಲಾಭವಾಗಿ ಹಿಂದಕ್ಕೆ ಪಡೆಯಲಾರರು. ಹಾಗಾಗಿ ಈ ಜೋಡಿಯನ್ನು ಪರೀಕ್ಷಿಸಿದ್ದು ಆಸ್ಪತ್ರೆಗಳ ವೈದ್ಯರು. ಈಜಿಪ್ಟ್ ಮತ್ತು ಒಮಾನ್‌ನ ವೈದ್ಯರು 96 ಎಳೆಯ ರೋಗಿಗಳಲ್ಲಿ ಅದನ್ನು ಹಳೆಯ ಪಂಪು-ಮಾತ್ರೆ ಜೋಡಿಯೊಂದಿಗೆ ಹೋಲಿಸಿ 2015ರಲ್ಲಿ ಪ್ರಕಟಿಸಿದರು. ಹೃದಯದ ಕಬ್ಬಿಣ ಇಳಿಸುವುದರಲ್ಲೂ ರೋಗಿಗಳು ತಪ್ಪದೆ ತೆಗೆದುಕೊಳ್ಳುವುದರಲ್ಲೂ ಮಾತ್ರೆಗಳ ಜೋಡಿಯೇ ಮೇಲಾಯಿತು. ಅದೇ ವರ್ಷ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಮಕ್ಕಳ ವೈದ್ಯರೂ ತಮ್ಮ ರೋಗಿಗಳಲ್ಲಿ ಈ ಜೋಡಿಯ ಫಲವನ್ನು ವರದಿ ಮಾಡಿದರು. ಒಂದೇ ಆಸ್ಪತ್ರೆ, ಸಣ್ಣ ಗುಂಪು, ಹೋಲಿಕೆಗೆ ಮತ್ತೊಂದು ಗುಂಪಿಲ್ಲ. ಆ ವೈದ್ಯರ ಶ್ರಮ ದೊಡ್ಡದು. ಅವರನ್ನು ಹಿಂಬಾಲಿಸಿ ಹತ್ತು ಊರುಗಳಲ್ಲಿ ನೂರಾರು ಮಕ್ಕಳ ಪ್ರಯೋಗ ನಡೆಸಬೇಕಾದದ್ದು ವ್ಯವಸ್ಥೆಯ ಕೆಲಸ.

ಇಲ್ಲಿ ತಿಳಿಯಬೇಕಾದದ್ದು ಇನ್ನೂ ಬಹಳವಿದೆ. ಹೃದಯ ಕೆಟ್ಟ ಮೇಲೆ ಜೋಡಿ ಕೊಡುವುದೋ, ಕೆಡುವ ಮೊದಲೇ ಚಿಕ್ಕ ವಯಸ್ಸಿನಲ್ಲಿ ಸಣ್ಣ ಪ್ರಮಾಣದಲ್ಲಿ ಎರಡನ್ನೂ ಶುರು ಮಾಡುವುದೋ? ಜೋಡಿ ಪಡೆದ ಹುಡುಗಿ ಸಮಯಕ್ಕೆ ಸರಿಯಾಗಿ ಮೈನೆರೆಯುತ್ತಾಳೆಯೇ, ಹುಡುಗ ಬೆಳೆಯುತ್ತಾನೆಯೇ? ಅಪಾಯಗಳೂ ಜೋಡಿಯಾಗಿಯೇ ಬರುತ್ತವೆ. ಡೆಫೆರಿಪ್ರೋನ್ ತೆಗೆದುಕೊಳ್ಳುವ ನೂರರಲ್ಲಿ ಸುಮಾರು ಒಬ್ಬರಿಗೆ ಸೋಂಕಿನೊಂದಿಗೆ ಹೋರಾಡುವ ಬಿಳಿ ರಕ್ತಕಣಗಳು ಹಠಾತ್ತಾಗಿ ಕುಸಿಯುತ್ತವೆ. ಅದಕ್ಕೇ ವಾರವಾರ ರಕ್ತಕಣ ಎಣಿಸಬೇಕೆಂಬ ಸೂಚನೆಯಿದೆ. ಡೆಫೆರಾಸಿರಾಕ್ಸ್ ಮೂತ್ರಪಿಂಡಕ್ಕೆ, ಲಿವರ್‌ಗೆ ತೊಂದರೆ ಕೊಡಬಹುದು. ಲಂಡನ್ನಿನ ಮಗುವಿಗೆ ವಾರಕ್ಕೊಂದು ರಕ್ತಪರೀಕ್ಷೆ ದೊಡ್ಡ ಮಾತಲ್ಲ. ರಕ್ತ ಹಾಕಿಸಲೆಂದೇ ತಿಂಗಳಿಗೊಮ್ಮೆ ಕೂಲಿ ಬಿಟ್ಟು ರಾತ್ರಿ ಬಸ್ಸು ಹತ್ತುವ ರಾಯಚೂರು ಜಿಲ್ಲೆಯ ಕುಟುಂಬಕ್ಕೆ ವಾರವಾರದ ಪರೀಕ್ಷೆ ಎಂದರೆ ಮದ್ದನ್ನೇ ಬಿಟ್ಟುಬಿಡು ಎಂದಂತೆ. ಜ್ವರ ಬಂದ ಕೂಡಲೇ ಮಾತ್ರೆ ನಿಲ್ಲಿಸಿ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ನೋಡಿಸಿದರೆ ಸಾಕಾಗುತ್ತದೆಯೇ? ಇದಕ್ಕೆ ಸಾರ್ಡೀನಿಯಾ ಉತ್ತರ ಕೊಡಲಾರದು. ನಮ್ಮ ಬಸ್ಸು, ನಮ್ಮ ಆಸ್ಪತ್ರೆ, ನಮ್ಮ ಜ್ವರಗಳ ನಡುವೆ ನಡೆದ ಪ್ರಯೋಗ ಮಾತ್ರ ಕೊಡಬಲ್ಲದು.

ಪರೀಕ್ಷೆ ನಡೆಯದಿದ್ದಾಗ ಮದ್ದುಗಳು ಸುಮ್ಮನೆ ಕೂರುವುದಿಲ್ಲ. ಜನರ ಅಸಹಾಯಕತೆ ಅವನ್ನು ಬೆರೆಸಿಬಿಡುತ್ತದೆ. ಈಗ ಹೈಡ್ರಾಕ್ಸಿಯೂರಿಯಾ ಮತ್ತು ಥಾಲಿಡೋಮೈಡ್ ಜೋಡಿಯ ವಿಷಯದಲ್ಲಿ ಆಗುತ್ತಿರುವುದು ಅದೇ. ಬಸಿರಿನಲ್ಲಿದ್ದಾಗ ಮಗು ತಯಾರಿಸುತ್ತಿದ್ದ, ಹುಟ್ಟಿದ ಮೇಲೆ ನಿಂತುಹೋದ ಭ್ರೂಣದ ಹಿಮೋಗ್ಲೋಬಿನ್ನನ್ನು ಈ ಮದ್ದುಗಳು ಮತ್ತೆ ಎಬ್ಬಿಸುತ್ತವೆ. ಅದು ಹೆಚ್ಚಿದರೆ ರಕ್ತ ಹಾಕಿಸುವುದು ಕಡಿಮೆಯಾಗಬಹುದು, ಕೆಲವರಲ್ಲಿ ನಿಂತೇ ಹೋಗಬಹುದು. ಎರಡೂ ಅಗ್ಗ. ಪಾಕಿಸ್ತಾನ, ಬಾಂಗ್ಲಾದೇಶ, ಭಾರತಗಳಲ್ಲಿ ವೈದ್ಯರು ಅವನ್ನು ಒಟ್ಟಿಗೆ ಕೊಟ್ಟು ಆಶಾದಾಯಕ ಫಲ ಕಂಡಿದ್ದಾರೆ. ಚೀನಾದಲ್ಲಿ ಥಾಲಿಡೋಮೈಡ್ ಒಂದನ್ನೇ ಹುಸಿ ಮಾತ್ರೆಯೊಂದಿಗೆ ಹೋಲಿಸಿದ 100 ರೋಗಿಗಳ ಪ್ರಯೋಗ 2021ರಲ್ಲಿ ಪ್ರಕಟವಾಗಿದೆ. ಅಲ್ಲೂ ಹಿಮೋಗ್ಲೋಬಿನ್ ಏರಿದೆ. ಆದರೆ ಜೋಡಿಯ ಮೇಲಿನ ಅಧ್ಯಯನಗಳಲ್ಲಿ ಬಹುಪಾಲು ಒಂದೇ ಆಸ್ಪತ್ರೆಯವು, ಹೋಲಿಕೆಯಿಲ್ಲದವು. ಥಾಲಿಡೋಮೈಡ್ ಯಾವ ಮದ್ದೆಂಬುದನ್ನು ಮರೆಯುವಂತಿಲ್ಲ. 1950ರ ದಶಕದ ಕೊನೆಯಲ್ಲಿ ಬಸುರಿಯರ ವಾಕರಿಕೆಗೆಂದು ಯುರೋಪಿನಲ್ಲಿ ಮಾರಾಟವಾದ ಅದು ಕೈಕಾಲಿಲ್ಲದ ಸಾವಿರಾರು ಮಕ್ಕಳ ಹುಟ್ಟಿಗೆ ಕಾರಣವಾಯಿತು. ರಕ್ತ ಹೆಪ್ಪುಗಟ್ಟುವ, ನರಗಳು ಜೋಮು ಹಿಡಿಯುವ ಅಪಾಯವೂ ಅದಕ್ಕಿದೆ. ಥಲಸ್ಸೇಮಿಯಾ ಇರುವವರಿಗೆ, ಅದರಲ್ಲೂ ಗುಲ್ಮ ತೆಗೆಸಿಕೊಂಡವರಿಗೆ, ರಕ್ತ ಹೆಪ್ಪುಗಟ್ಟುವ ಭಯ ಮೊದಲೇ ಇದೆ. ಇಂಥ ಮದ್ದನ್ನು ಹತ್ತು ವರ್ಷದ ಮಗುವಿಗೆ ವರ್ಷಗಟ್ಟಲೆ ಕೊಡುವ ಮುನ್ನ, ಜೋಡಿಯಲ್ಲಿ ಅದರ ಪಾಲು ಎಷ್ಟು, ಹೈಡ್ರಾಕ್ಸಿಯೂರಿಯಾದ್ದೆಷ್ಟು ಎಂದಾದರೂ ತಿಳಿಯಬೇಡವೇ? ಒಂದು ಗುಂಪಿಗೆ ಒಂದು ಮದ್ದು, ಇನ್ನೊಂದಕ್ಕೆ ಇನ್ನೊಂದು, ಮೂರನೆಯದಕ್ಕೆ ಎರಡೂ ಕೊಟ್ಟರೆ ಅದು ತಿಳಿಯುತ್ತದೆ. ಒಂದರಿಂದಲೇ ಸಾಕಾಗುವ ಮಗುವಿಗೆ ಎರಡರ ಅಪಾಯ ಹೊರಿಸುವುದು ತಪ್ಪುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಸಾಯುವ ಮಗುವಿಗೆ ಹುಸಿ ಮಾತ್ರೆ ಕೊಡುವುದು ಯಾವ ನ್ಯಾಯ ಎಂದು ಹೆತ್ತವರು ಕೇಳುತ್ತಾರೆ. ಸಾರ್ಡೀನಿಯಾದ ಪ್ರಯೋಗವೇ ಅದಕ್ಕೆ ಉತ್ತರ. ಅಲ್ಲಿ ಯಾರಿಗೂ ಗೊತ್ತಿರುವ ಚಿಕಿತ್ಸೆ ತಪ್ಪಿಸಲಿಲ್ಲ. ಅದರ ಮೇಲೆ ಹೊಸದನ್ನು ಸೇರಿಸುವುದೋ ಬೇಡವೋ ಎಂಬುದಷ್ಟೇ ಪ್ರಶ್ನೆಯಾಗಿತ್ತು. ನಮ್ಮ ಬಡವರು ಹಿಂದೆಯೂ ಪ್ರಯೋಗದ ಪ್ರಾಣಿಗಳಾಗಿದ್ದಾರೆ, ಮತ್ತೆ ಅದೇ ಆಗಬೇಕೆ ಎಂಬುದು ಇನ್ನೊಂದು ಮಾತು. ಈ ಅನುಮಾನಕ್ಕೆ ಆಧಾರವಿದೆ. ಔಷಧ ಪ್ರಯೋಗಗಳ ಅಕ್ರಮ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು, 2019ರಲ್ಲಿ ಹೊಸ ನಿಯಮಗಳು ಬಂದವು. ಹಾನಿಯಾದರೆ ಪರಿಹಾರ, ನೈತಿಕ ಸಮಿತಿಯ ನೋಂದಣಿ, ತಿಳಿದು ಕೊಟ್ಟ ಒಪ್ಪಿಗೆ ಎಲ್ಲವೂ ಅವುಗಳಲ್ಲಿವೆ. ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕೆಂದು ನಮ್ಮ ಸಂಶೋಧನಾ ಮಾರ್ಗಸೂಚಿ ಹೇಳುತ್ತದೆ. ಅವು ಪಾಲನೆಯಾಗಬೇಕು. ಆದರೆ ಪ್ರಯೋಗ ನಡೆಸದಿದ್ದರೆ ಬಡವರ ಮೇಲೆ ಪ್ರಯೋಗ ನಿಲ್ಲುವುದಿಲ್ಲ. ಹೊರರೋಗಿ ವಿಭಾಗದಲ್ಲಿ ಒಂದು ಚೀಟಿಯಲ್ಲಿ ಎರಡು ಮದ್ದು ಬರೆದು ಕಳಿಸುವುದೂ ಪ್ರಯೋಗವೇ. ಅಲ್ಲಿ ಒಪ್ಪಿಗೆ ಪತ್ರವಿಲ್ಲ, ಪರಿಹಾರವಿಲ್ಲ, ಏನಾಯಿತೆಂಬ ದಾಖಲೆಯೂ ಇಲ್ಲ. ಒಂದು ಮಗುವಿಗೆ ಆದ ತೊಂದರೆಯಿಂದ ಇನ್ನೊಂದು ಮಗುವನ್ನು ಕಾಪಾಡುವ ದಾರಿಯೂ ಇಲ್ಲ.

ಇಷ್ಟೆಲ್ಲ ಏಕೆ, ಅಸ್ಥಿಮಜ್ಜೆ ಕಸಿಯಿದೆಯಲ್ಲ, ಜೀನ್ ಚಿಕಿತ್ಸೆ ಬಂದಿದೆಯಲ್ಲ ಎನ್ನುವವರೂ ಇದ್ದಾರೆ. ಕಸಿಗೆ ಹೊಂದುವ ಒಡಹುಟ್ಟು ಬೇಕು. ಬಹುಪಾಲು ಮಕ್ಕಳಿಗೆ ಸಿಗುವುದಿಲ್ಲ. ಕಸಿಯ ದಿನ ಹೃದಯ, ಲಿವರ್ ಗಟ್ಟಿಯಾಗಿದ್ದರೆ ಗೆಲ್ಲುವ ಸಾಧ್ಯತೆ ಹೆಚ್ಚಾದ್ದರಿಂದ ಕಬ್ಬಿಣ ಇಳಿಸುವ ಮದ್ದು ಅಲ್ಲಿಗೂ ಬೇಕು. ಅಮೆರಿಕದಲ್ಲಿ ಅನುಮತಿ ಪಡೆದ ಜೀನ್ ಚಿಕಿತ್ಸೆಗಳ ಬೆಲೆ ಇಪ್ಪತ್ತು ಲಕ್ಷ ಡಾಲರಿಗೂ ಮೇಲೆ. ಅವು ನಮ್ಮ ಜಿಲ್ಲಾ ಆಸ್ಪತ್ರೆಗೆ ಬರುವವರೆಗೆ ಇಂದಿನ ಮಗು ಬದುಕಿರಬೇಕಾದರೆ ಇಂದಿನ ಮದ್ದುಗಳನ್ನೇ ಚೆನ್ನಾಗಿ ಬಳಸಲು ಕಲಿಯಬೇಕು.

ಸರ್ಕಾರಿ ಹಣದಲ್ಲಿ ಇಂಥ ಕೆಲಸ ಮಾಡಬಲ್ಲೆವೆಂಬುದನ್ನು ಈ ದೇಶ ಒಮ್ಮೆ ತೋರಿಸಿದೆ. ಕ್ಷಯಕ್ಕೆ ಒಂದೇ ಮದ್ದು ಕೊಟ್ಟರೆ ರೋಗಾಣು ಅದಕ್ಕೆ ಬಗ್ಗದಾಗುತ್ತದೆ, ಎರಡು ಕೊಟ್ಟರೆ ಬಗ್ಗುತ್ತದೆ ಎಂದು 1950ರ ಸುಮಾರಿಗೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಯೋಗದಿಂದ ತೋರಿಸಿತು. ಆದರೆ ಸ್ಯಾನಟೋರಿಯಂ, ಅಂದರೆ ಕ್ಷಯದ ಆಸ್ಪತ್ರೆಯ ಹಾಸಿಗೆಗಳು ಸಾಲದ ದೇಶದಲ್ಲಿ ಜೋಡಿ ಮದ್ದನ್ನು ಮನೆಯಲ್ಲೇ ಕೊಟ್ಟರೆ ಸಾಕೇ? 1956ರಲ್ಲಿ ಮದರಾಸಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ರಾಜ್ಯ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ಮಂಡಳಿ ಸೇರಿ ಆ ಪ್ರಶ್ನೆ ಕೈಗೆತ್ತಿಕೊಂಡವು. ಕಿಕ್ಕಿರಿದ ಬಡ ಮನೆಗಳ ರೋಗಿಗಳಿಗೆ ಐಸೋನಿಯಾಜಿಡ್ ಮತ್ತು ಪಿಎಎಸ್ ಜೋಡಿಯನ್ನು ಮನೆಯಲ್ಲಿ ಕೊಟ್ಟರೂ ಸ್ಯಾನಟೋರಿಯಂನಲ್ಲಿ ಕೊಟ್ಟಷ್ಟೇ ಫಲ ಎಂದು 1959ರಲ್ಲಿ ಪ್ರಕಟವಾಯಿತು. ಜಗತ್ತೆಲ್ಲ ಸ್ಯಾನಟೋರಿಯಂಗಳು ಮುಚ್ಚಲು ಆ ಪ್ರಯೋಗ ದಾರಿ ಮಾಡಿತು. ಅದನ್ನು ಯಾವ ಕಂಪನಿಯೂ ಮಾಡುತ್ತಿರಲಿಲ್ಲ. ನಮಗೆ ಬೇಕಾದ ಪ್ರಶ್ನೆಯನ್ನು ನಾವೇ ಕೇಳಿ, ನಮ್ಮ ಮನೆಗಳಲ್ಲೇ ಉತ್ತರ ಹುಡುಕಿದೆವು. ಆಗ ದೇಶ ಈಗಿನದಕ್ಕಿಂತ ಎಷ್ಟೋ ಬಡವಾಗಿತ್ತು.

ಈಗ ಆಗಬೇಕಾದದ್ದು ಸ್ಪಷ್ಟವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ರಕ್ತರೋಗಗಳಿಗೆಂದೇ ಮುಂಬಯಿಯಲ್ಲೊಂದು ಸಂಸ್ಥೆಯಿದೆ. ಅದು ಮುಂದಾಳಾಗಿ, ಪ್ರತಿ ರಾಜ್ಯದ ಒಂದೆರಡು ಸರ್ಕಾರಿ ಆಸ್ಪತ್ರೆಗಳನ್ನು ಜೋಡಿಸಿಕೊಂಡು, ಎರಡು ಮಾತ್ರೆಗಳ ಜೋಡಿಯನ್ನು ಒಂಟಿ ಮಾತ್ರೆಯೊಂದಿಗೆ ಹೋಲಿಸುವ ದೀರ್ಘ ಪ್ರಯೋಗ ನಡೆಸಲಿ. ಕರ್ನಾಟಕದಲ್ಲಿ ಬೆಂಗಳೂರಿನ ಜೊತೆ ಕಲಬುರಗಿ, ಹುಬ್ಬಳ್ಳಿಯಂಥ ಊರುಗಳೂ ಅದರಲ್ಲಿರಲಿ. ಅಲ್ಲಿನ ಎಂಆರ್‌ಐ ಯಂತ್ರಗಳಲ್ಲಿ ಹೃದಯದ ಕಬ್ಬಿಣ ಅಳೆಯುವ ವ್ಯವಸ್ಥೆಯಾಗಲಿ. ಅದಾದರೆ ಪ್ರಯೋಗ ಮುಗಿದ ಮೇಲೂ ಸುತ್ತಲಿನ ರೋಗಿಗಳಿಗೆ ಉಪಯೋಗಕ್ಕೆ ಬರುತ್ತದೆ. ಫೆರಿಟಿನ್ ಜೊತೆಗೆ ಮಗುವಿನ ಎತ್ತರ, ಮೈನೆರೆದ ವಯಸ್ಸು, ಶಾಲೆಗೆ ಹೋದ ದಿನಗಳು ಲೆಕ್ಕಕ್ಕೆ ಬರಲಿ. ಪ್ರಯೋಗಕ್ಕೆ ಸೇರಿದ ಮಗುವಿಗೆ ಗೆದ್ದ ಮದ್ದು ಮುಂದೆಯೂ ಪುಕ್ಕಟೆಯಾಗಿ ಸಿಗಲಿ. ಫಲಿತಾಂಶ ಒಳ್ಳೆಯದಿರಲಿ ಕೆಟ್ಟದ್ದಿರಲಿ ಪ್ರಕಟವಾಗಲಿ. ಪ್ರಯೋಗದ ವಿನ್ಯಾಸ ಮಾಡುವಾಗ ಥಲಸ್ಸೇಮಿಯಾ ಮಕ್ಕಳ ಹೆತ್ತವರ ಸಂಘಗಳೂ ಮೇಜಿನ ಸುತ್ತ ಕೂರಲಿ. ಅವರಿಗೆ ಗೊತ್ತಿರುವಷ್ಟು ಯಾವ ತಜ್ಞರಿಗೂ ಗೊತ್ತಿಲ್ಲದ ಸಂಗತಿಯೊಂದಿದೆ: ಮಗು ಯಾವ ಮದ್ದನ್ನು ತಪ್ಪದೆ ತೆಗೆದುಕೊಳ್ಳುತ್ತದೆ, ಯಾವುದನ್ನು ಕಿಟಕಿಯಾಚೆ ಎಸೆಯುತ್ತದೆ ಎಂಬುದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಥಲಸ್ಸೇಮಿಯಾವನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಈ ಮಕ್ಕಳಿಗೆ ಸರ್ಕಾರ ಋಣಿಯಾಗಿದೆ ಎಂಬುದನ್ನು ಕಾನೂನೇ ಒಪ್ಪಿದ ಹಾಗಾಯಿತು. ರಕ್ತ ಕೊಡುವುದು ಆ ಋಣದ ಒಂದು ಪಾಲು. ಆ ರಕ್ತ ತರುವ ಕಬ್ಬಿಣವನ್ನು ಹೇಗೆ ಹೊರತೆಗೆಯಬೇಕೆಂದು ಕಂಡುಹಿಡಿದು ಕೊಡುವುದು ಇನ್ನೊಂದು ಪಾಲು. ಓದುಗರು ತಮ್ಮ ಶಾಸಕರನ್ನೋ ಸಂಸದರನ್ನೋ ಕಂಡಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಬೇಕು: ಡೆಫೆರಿಪ್ರೋನ್‌ಗೆ ಜಗತ್ತಿನಲ್ಲಿ ಮೊದಲು ಅನುಮತಿ ಕೊಟ್ಟ ದೇಶ, ಅದರ ಜೋಡಿಯನ್ನು ತನ್ನ ಮಕ್ಕಳಿಗಾಗಿ ಸರಿಯಾಗಿ ಪರೀಕ್ಷಿಸುವುದು ಯಾವಾಗ?